ಗರ್ಕಿನ್ ಜಾಡಿ ಹಡಗು ಹತ್ತುವ ಮುನ್ನ: ಪ್ರೈವೇಟ್ ಲೇಬಲ್ ಪ್ಯಾಕಿಂಗ್ ತಪಾಸಣೆ, ಹಂತ ಹಂತವಾಗಿ

ಕರ್ನಾಟಕದಲ್ಲಿ 1990ರ ದಶಕದಲ್ಲಿ ಕಾಲಿಟ್ಟ ಗರ್ಕಿನ್, ಅಂದರೆ ಮಿಡಿಸೌತೆ, ನಮ್ಮ ಅಡುಗೆಮನೆಗೆ ಬಂದದ್ದು ಕಡಿಮೆ. ಬೆಳೆದದ್ದರಲ್ಲಿ ಬಹುಪಾಲು ಹೊರದೇಶಕ್ಕೇ ಹೋಗುತ್ತದೆ. ಒಂದಷ್ಟು ದೊಡ್ಡ ಡ್ರಮ್ಮುಗಳಲ್ಲಿ ಉಪ್ಪುನೀರು ಅಥವಾ ವಿನೆಗರ್ ಜೊತೆ ಹೋದರೆ, ಇನ್ನೊಂದಷ್ಟು ಗಾಜಿನ ಜಾಡಿಯಲ್ಲಿ, ಅಲ್ಲಿನ ಸೂಪರ್‌ಮಾರ್ಕೆಟ್‌ನ ಅಥವಾ ಆಮದುದಾರರ ಹೆಸರು ಹೊತ್ತು ಹೋಗುತ್ತದೆ. ಈ ಎರಡನೆಯದು ಪ್ರೈವೇಟ್ ಲೇಬಲ್ ವ್ಯವಹಾರ. ಕಾಯಿ, ಮಸಾಲೆ, ದುಡಿಮೆ ಎಲ್ಲ ಇಲ್ಲಿಯದು. ಜಾಡಿಯ ಮೇಲಿನ ಹೆಸರು ಮಾತ್ರ ಬಯರ್‌ನದು. ಆ ಹೆಸರಿಗೆ ಮಸಿ ಬಳಿಯುವ ಯಾವುದನ್ನೂ ಬಯರ್ ಒಪ್ಪುವುದಿಲ್ಲ.

ಒಳಗಿನ ಕಾಯಿ ಗರಿಗರಿಯಾಗಿದ್ದು, ಲ್ಯಾಬ್ ವರದಿ ಚೊಕ್ಕವಾಗಿದ್ದೂ ಮಾಲು ತಿರಸ್ಕೃತವಾಗುವುದುಂಟು. ಸಾಸಿವೆಯ ಉಲ್ಲೇಖ ದಪ್ಪಕ್ಷರದಲ್ಲಿಲ್ಲ, ಬಾರ್‌ಕೋಡ್ ಓದುತ್ತಿಲ್ಲ, ಮುಚ್ಚಳದಡಿ ತುಕ್ಕು ಹಿಡಿದಿದೆ ಎಂಬಂಥ ಕಾರಣಗಳು ಸಾಕು. ಇವುಗಳಲ್ಲಿ ಹೆಚ್ಚಿನವನ್ನು ಕಂಟೇನರ್ ಬಾಗಿಲಿಗೆ ಬಂದ ದಿನ ಕಂಡುಹಿಡಿದು ಪ್ರಯೋಜನವಿಲ್ಲ. ಲೇಬಲ್ ತಪ್ಪು ಮುದ್ರಣಕ್ಕೆ ಮೊದಲು ಸಿಕ್ಕರೆ ಒಂದು ಇಮೇಲ್‌ನಲ್ಲಿ ಮುಗಿಯುತ್ತದೆ. ಜಾಡಿಗೆ ಅಂಟಿದ ಮೇಲೆ ಸಿಕ್ಕರೆ ಸಾವಿರಾರು ಜಾಡಿಗಳನ್ನು ನೆನೆಸಿ, ಕೆರೆದು, ಒಣಗಿಸಿ ಮತ್ತೆ ಅಂಟಿಸಬೇಕು. ಅಷ್ಟರಲ್ಲಿ ಹಡಗು ಹೊರಟಿರುತ್ತದೆ. ಆದ್ದರಿಂದ ತಪಾಸಣೆಯನ್ನು ಆರ್ಡರ್ ಖಚಿತವಾದ ದಿನದಿಂದಲೇ ಶುರುಮಾಡಬೇಕು. ಇಲ್ಲಿನ ಕ್ರಮವೂ ಹಾಗೆಯೇ ಇದೆ.

ಉದಾಹರಣೆಗೆ 720 ಮಿ.ಲೀ. ಜಾಡಿಯನ್ನು ಇಟ್ಟುಕೊಂಡಿದ್ದೇವೆ: ನಿವ್ವಳ ತೂಕ 670 ಗ್ರಾಂ, ಬಸಿದ ತೂಕ, ಅಂದರೆ ದ್ರವ ಬಸಿದ ಮೇಲೆ ಉಳಿಯುವ ಕಾಯಿಯ ತೂಕ, 360 ಗ್ರಾಂ, ಪೆಟ್ಟಿಗೆಗೆ 12 ಜಾಡಿ. ಕಾಫಿ ಪುಡಿ, ಮಸಾಲೆ, ಅಗರಬತ್ತಿ ಕಳಿಸುವವರಿಗೂ ಕ್ರಮ ಇದೇ. ಅಳತೆಗಳು ಬದಲಾಗುತ್ತವೆ ಅಷ್ಟೆ.

ಮೊದಲು ಮೇಜಿನ ಮೇಲೆ ಇರಬೇಕಾದವು

ಬಯರ್ ಸಹಿ ಹಾಕಿದ ಲೇಬಲ್ ವಿನ್ಯಾಸ, ಅಂದರೆ ಆರ್ಟ್‌ವರ್ಕ್, ಅದರ ಆವೃತ್ತಿ ಸಂಖ್ಯೆ ಮತ್ತು ದಿನಾಂಕದೊಂದಿಗೆ. ವಾಟ್ಸ್ಆ್ಯಪ್‌ನಲ್ಲಿ ಬಂದ ಚಿತ್ರಕ್ಕೆ "ಓಕೆ" ಎಂದು ಉತ್ತರ ಬಂದಿದ್ದರೆ ಅದನ್ನು ಒಪ್ಪಿಗೆ ಎಂದು ತಿಳಿಯಬೇಡಿ, ಪಿಡಿಎಫ್ ಮೇಲೆಯೇ ಸಹಿ ಪಡೆಯಿರಿ. ಅದರ ಜೊತೆ ಬಯರ್‌ನ ಪ್ಯಾಕಿಂಗ್ ವಿವರಪಟ್ಟಿ, ಒಪ್ಪಿಗೆಯಾದ ಪಾಕದ ಹಾಳೆ, ಬ್ರಾಂಡ್ ಬಳಸಲು ಬಯರ್ ಕೊಟ್ಟ ಅಧಿಕಾರಪತ್ರ. ಕಸ್ಟಮ್ಸ್‌ನಲ್ಲಿ ಯಾರಾದರೂ ಬೇರೆಯವರ ಬ್ರಾಂಡ್ ಹೇಗೆ ಕಳಿಸುತ್ತಿದ್ದೀರಿ ಎಂದು ಕೇಳಿದರೆ ತೋರಿಸಲು ಈ ಕೊನೆಯದು ಬೇಕು.

ಸಲಕರಣೆಯ ಖರ್ಚು ದೊಡ್ಡದಲ್ಲ: ಒಳಗೆ ಅಳತೆಗೆರೆ ಇರುವ 10 ಪಟ್ಟಿನ ಭೂತಗನ್ನಡಿ, ಸ್ಟೀಲ್ ಸ್ಕೇಲ್, 0.1 ಗ್ರಾಂ ತೋರಿಸುವ ತಕ್ಕಡಿ, 2.8 ಮಿ.ಮೀ. ಚೌಕ ಕಣ್ಣಿನ 20 ಸೆಂ.ಮೀ. ಜರಡಿ, ಮುಚ್ಚಳ ಚುಚ್ಚಿ ನೋಡುವ ವ್ಯಾಕ್ಯೂಮ್ ಗೇಜ್, ಗಾಜಿನ ಮೇಲೆ ಬರೆಯುವ ಮಾರ್ಕರ್, ಪಾರದರ್ಶಕ ಟೇಪ್. ಬಾರ್‌ಕೋಡ್ ವೆರಿಫೈಯರ್, ಅಂದರೆ ಮುದ್ರಿತ ಕೋಡಿನ ಗುಣಮಟ್ಟ ಅಳೆಯುವ ಯಂತ್ರ, ಮಾತ್ರ ದುಬಾರಿ. ಅದನ್ನು ಕೊಳ್ಳಲಾಗದಿದ್ದರೆ ಲೇಬಲ್ ಮುದ್ರಕರಿಂದಲೇ ಪ್ರತಿ ಲಾಟ್‌ಗೂ ವೆರಿಫಿಕೇಶನ್ ವರದಿ ಕೇಳಿ.

ಹಂತ 1: ಮುದ್ರಣಕ್ಕೆ ಮೊದಲು ಲೇಬಲ್ ಓದುವುದು

ಇಬ್ಬರು ಕೂರಬೇಕು. ಒಬ್ಬರು ಪಾಕದ ಹಾಳೆ ಗಟ್ಟಿಯಾಗಿ ಓದುತ್ತಾ ಹೋದರೆ, ಇನ್ನೊಬ್ಬರು ಲೇಬಲ್‌ನಲ್ಲಿ ಒಂದೊಂದು ಪದಕ್ಕೂ ಗುರುತು ಹಾಕುತ್ತಾ ಬರಬೇಕು. ವಿನ್ಯಾಸ ಮಾಡಿದವರೇ ತಪ್ಪು ಹುಡುಕಿದರೆ ಕಣ್ಣು ತಾನು ಬರೆದದ್ದನ್ನೇ ಓದುತ್ತದೆ.

ಮಾಲು ಐರೋಪ್ಯ ಒಕ್ಕೂಟಕ್ಕೆ ಹೋಗುವುದಾದರೆ ಆಧಾರ 1169/2011 ನಿಯಮಾವಳಿ. ಕಡ್ಡಾಯ ವಿವರಗಳ ಅಕ್ಷರಗಳಲ್ಲಿ ಸಣ್ಣ 'ಎಕ್ಸ್' ಅಕ್ಷರದ ಎತ್ತರ ಕನಿಷ್ಠ 1.2 ಮಿ.ಮೀ. ಇರಬೇಕು. ಇಲ್ಲಿ ಅಳೆಯಬೇಕಾದದ್ದು ಸಣ್ಣಕ್ಷರವನ್ನು. ದೊಡ್ಡಕ್ಷರ ಅಳೆದು "2 ಮಿ.ಮೀ. ಇದೆಯಲ್ಲ" ಎಂದು ನಿರಾಳವಾಗುವುದು ಮಾಮೂಲಿ ತಪ್ಪು. ಉತ್ಪನ್ನದ ಹೆಸರು ಮತ್ತು ನಿವ್ವಳ ತೂಕ ಒಂದೇ ನೋಟಕ್ಕೆ, ಜಾಡಿ ತಿರುಗಿಸದೆ ಕಾಣಬೇಕು. ದ್ರವದಲ್ಲಿ ಮುಳುಗಿದ ಪದಾರ್ಥವಾದ್ದರಿಂದ ಬಸಿದ ತೂಕವನ್ನೂ ಬರೆಯಲೇಬೇಕು. ವಿನೆಗರ್ ಕೂಡ ಈ ಲೆಕ್ಕದಲ್ಲಿ ದ್ರವವೇ. 200ರಿಂದ 1000 ಗ್ರಾಂವರೆಗಿನ ಪ್ಯಾಕ್‌ಗೆ ತೂಕದ ಅಂಕಿಯ ಎತ್ತರ ಕನಿಷ್ಠ 4 ಮಿ.ಮೀ., ಅದರ ಪಕ್ಕದಲ್ಲಿ ಬಳಸುವ ಯುರೋಪಿನ ತೂಕದ ನಿಯಮ ಪಾಲಿಸಿದ್ದೇವೆಂದು ಹೇಳುವ 'ಇ' ಗುರುತು ಕನಿಷ್ಠ 3 ಮಿ.ಮೀ.

ಅತಿ ಹೆಚ್ಚು ಗಮನ ಬೇಡುವುದು ಅಲರ್ಜಿ ಪದಾರ್ಥ. ಗರ್ಕಿನ್ ಜಾಡಿಯಲ್ಲಿ ಸಬ್ಬಸಿಗೆ, ಈರುಳ್ಳಿ, ಮೆಣಸಿನ ಜೊತೆ ಸಾಸಿವೆ ಕಾಳು ಬೀಳುವುದು ಸಾಮಾನ್ಯ. ಯುರೋಪಿನ 14 ಅಲರ್ಜಿ ಪದಾರ್ಥಗಳ ಪಟ್ಟಿಯಲ್ಲಿ ಸಾಸಿವೆ ಇದೆ, ಸೆಲರಿ ಇದೆ, ಕಿಲೋಗೆ 10 ಮಿ.ಗ್ರಾಂ. ಮೀರಿದ ಸಲ್ಫೈಟ್ ಇದೆ. ಪದಾರ್ಥಗಳ ಪಟ್ಟಿಯೊಳಗೇ ಅದು ದಪ್ಪಕ್ಷರದಿಂದಲೋ ಬಣ್ಣದಿಂದಲೋ ಎದ್ದು ಕಾಣಬೇಕು. ಅಮೆರಿಕದ ಪಟ್ಟಿಯಲ್ಲಿರುವುದು 9 ಮಾತ್ರ, 2023ರ ಜನವರಿ 1ರಿಂದ ಎಳ್ಳು ಸೇರಿ; ಸಾಸಿವೆ ಅದರಲ್ಲಿಲ್ಲ. ಕೆನಡಾದಲ್ಲಿ ಮತ್ತೆ ಇದೆ. ಹೀಗಾಗಿ ಅಮೆರಿಕದ ಆರ್ಟ್‌ವರ್ಕ್ ನಕಲು ಮಾಡಿ ಭಾಷೆ ಬದಲಿಸಿ ಜರ್ಮನಿಗೆ ಬಳಸಿದರೆ ಸಾಸಿವೆ ಸಾದಾ ಅಕ್ಷರದಲ್ಲೇ ಉಳಿದುಹೋಗುತ್ತದೆ. ಅಲ್ಲಿನ ಸಾಸಿವೆ ಅಲರ್ಜಿ ಇರುವವರ ಜೀವಕ್ಕೆ ಇದು ಅಪಾಯ, ಮಾಲು ವಾಪಸ್ ಕರೆಸಿಕೊಳ್ಳಲು ನೇರ ಕಾರಣ.

ಅಮೆರಿಕದ ಲೇಬಲ್‌ಗೆ ಅಳತೆಯ ಲೆಕ್ಕವೇ ಬೇರೆ. ದುಂಡು ಜಾಡಿಯಲ್ಲಿ ಕತ್ತು ಮತ್ತು ಭುಜ ಬಿಟ್ಟು ಉಳಿದ ಎತ್ತರವನ್ನು ಸುತ್ತಳತೆಯಿಂದ ಗುಣಿಸಿ, ಅದರಲ್ಲಿ ಶೇ. 40 ತೆಗೆದುಕೊಳ್ಳಿ, ಅದೇ ಮುಖ್ಯ ಪ್ರದರ್ಶನ ಭಾಗ. ಆ ವಿಸ್ತೀರ್ಣ 5 ಚದರ ಇಂಚು ಮೀರಿ 25 ಚದರ ಇಂಚಿನವರೆಗೆ, ಅಂದರೆ ಸುಮಾರು 161 ಚದರ ಸೆಂ.ಮೀ.ವರೆಗೆ, ಇದ್ದರೆ ಪ್ರಮಾಣದ ಅಕ್ಷರ ಕನಿಷ್ಠ 3.2 ಮಿ.ಮೀ.; ಅದು ಮೀರಿ 100 ಚದರ ಇಂಚಿನವರೆಗೆ 4.8 ಮಿ.ಮೀ. ನಮ್ಮ 720 ಮಿ.ಲೀ. ಜಾಡಿ ಈ ಗಡಿಯ ಹತ್ತಿರ ಹತ್ತಿರ ಬರುವುದರಿಂದ ಊಹೆ ಬೇಡ, ಟೇಪ್ ಹಿಡಿದು ಅಳೆಯಿರಿ. ಪ್ರಮಾಣದ ಸಾಲು ಆ ಭಾಗದ ಕೆಳಗಿನ ಶೇ. 30ರೊಳಗೆ ಇರಬೇಕು, ಔನ್ಸ್ ಮತ್ತು ಮೆಟ್ರಿಕ್ ಎರಡರಲ್ಲೂ. ವಿತರಕರ ಅಮೆರಿಕದ ವಿಳಾಸ ಲೇಬಲ್ ಮೇಲಿದ್ದರೆ, ಗಿರಾಕಿ ಅದನ್ನೇ ಮೂಲವೆಂದು ತಪ್ಪು ತಿಳಿಯದಂತೆ 'ಭಾರತದ ಉತ್ಪನ್ನ' ಎಂಬ ಸಾಲು ಅದರ ಹತ್ತಿರದಲ್ಲಿ, ಅದಕ್ಕೆ ಸರಿಸಮಾನ ಗಾತ್ರದಲ್ಲಿ ಬರಬೇಕು. ಈ ಸಾಲನ್ನು ಲೇಬಲ್‌ನ ಇನ್ನೊಂದು ಮೂಲೆಗೆ ತಳ್ಳುವುದು ವಿನ್ಯಾಸಕಾರರ ರೂಢಿ.

ಇನ್ನುಳಿದ ದೇಶಗಳದ್ದು ಚುಟುಕಾಗಿ: ಬ್ರಿಟನ್‌ಗೆ 2024ರ ಜನವರಿ 1ರಿಂದ ಅಲ್ಲಿನದೇ ವಿಳಾಸ ಬೇಕು, ಯುರೋಪಿನ ವಿಳಾಸ ಸಾಲದು. ಇಟಲಿಗೆ 2023ರಿಂದ ಪ್ಯಾಕಿಂಗ್ ವಸ್ತುವಿನ ಸಂಕೇತಗಳು ಕಡ್ಡಾಯ: ಬಿಳಿ ಗಾಜಿಗೆ ಜಿಎಲ್ 70, ತಗಡಿನ ಮುಚ್ಚಳಕ್ಕೆ ಎಫ್ಇ 40, ರಟ್ಟಿನ ಪೆಟ್ಟಿಗೆಗೆ ಪಿಎಪಿ 20. ರಷ್ಯಾ, ಕಜಾಕಿಸ್ತಾನಕ್ಕೆ ಯುರೇಷಿಯನ್ ಆರ್ಥಿಕ ಒಕ್ಕೂಟದ ನಿಯಮ ಪಾಲನೆ ತೋರಿಸುವ ಇಎಸಿ ಗುರುತು, ತಯಾರಿಕೆಯ ದಿನಾಂಕ.

ಭಾಷೆ ಬಾರದವರೂ ಅಕ್ಷರ ಹೋಲಿಸಬಹುದು. ಜರ್ಮನ್ ಅಕ್ಷರದ ಮೇಲಿನ ಎರಡು ಚುಕ್ಕೆ, ಪೋಲಿಷ್ ಅಕ್ಷರದ ಅಡ್ಡಗೀಟು, ರಷ್ಯನ್ ಲಿಪಿ ಇವೆಲ್ಲ ಮುದ್ರಕರ ಕಂಪ್ಯೂಟರ್‌ನಲ್ಲಿ ಆ ಫಾಂಟ್ ಇಲ್ಲದಿದ್ದರೆ ಸದ್ದಿಲ್ಲದೆ ಮಾಯವಾಗುತ್ತವೆ ಅಥವಾ ಖಾಲಿ ಚೌಕವಾಗುತ್ತವೆ. ಫೈಲ್ ಕಳಿಸುವ ಮೊದಲು ಅಕ್ಷರಗಳನ್ನೆಲ್ಲ ಕರ್ವ್ ಮಾಡಿಸಿ, ಅಂದರೆ ಫಾಂಟ್ ಬೇಡದ ಗೆರೆಚಿತ್ರವಾಗಿ ಬದಲಿಸಿ. ಮುದ್ರಕರಿಂದ ಬಂದ ಪ್ರೂಫ್ ಅನ್ನು ಬಯರ್ ಸಹಿ ಮಾಡಿದ ಪಿಡಿಎಫ್ ಮೇಲೆ ಪದರವಾಗಿ ಇಟ್ಟು ನೋಡಿ, ವ್ಯತ್ಯಾಸವಿದ್ದರೆ ತಟ್ಟನೆ ಕಾಣುತ್ತದೆ.

ಹಂತ 2: ಬಾರ್‌ಕೋಡ್

ಪ್ರೈವೇಟ್ ಲೇಬಲ್‌ನಲ್ಲಿ ಸಂಖ್ಯೆ ಬಯರ್‌ನದ್ದು. ಭಾರತದ 890ರ ಸರಣಿ ಹಾಕಲು ಹೋಗಬೇಡಿ, ಅವರು ಕೊಟ್ಟ ಸಂಖ್ಯೆಯನ್ನೇ ಬಳಸಿ. ಆದರೆ ಆ ಸಂಖ್ಯೆ ಸರಿಯಿದೆಯೇ ಎಂದು ನೀವೂ ಲೆಕ್ಕ ಹಾಕಿ. 13 ಅಂಕಿಯ ಕೋಡ್‌ನಲ್ಲಿ ಎಡದಿಂದ ಬೆಸ ಸ್ಥಾನದ ಅಂಕಿಗಳನ್ನು ಹಾಗೆಯೇ, ಸಮ ಸ್ಥಾನದವನ್ನು ಮೂರರಿಂದ ಗುಣಿಸಿ ಕೂಡಿ. ಮೊತ್ತವನ್ನು ಮುಂದಿನ ಹತ್ತಕ್ಕೆ ಮುಟ್ಟಿಸಲು ಬೇಕಾದದ್ದೇ ಹದಿಮೂರನೇ ಅಂಕಿ. 890123456789 ಎಂಬ ಮಾದರಿ ಸಂಖ್ಯೆಯಲ್ಲಿ ಬೆಸ ಸ್ಥಾನದ ಮೊತ್ತ 28, ಸಮ ಸ್ಥಾನದ್ದು 34, ಅದರ ಮೂರರಷ್ಟು 102, ಒಟ್ಟು 130; ಹಾಗಾಗಿ ಕೊನೆಯ ಅಂಕಿ 0.

ಪೆಟ್ಟಿಗೆಯ ಮೇಲಿನ 14 ಅಂಕಿಯ ಕೋಡ್ ಮಾಡುವಾಗ ಮುಂದೆ 1 ಸೇರಿಸಿ, ಹಳೆಯ ಕೊನೆಯ ಅಂಕಿಯನ್ನೇ ಉಳಿಸಿಕೊಳ್ಳುವವರು ಬಹಳ. ಅದು ತಪ್ಪು. ಮುಂದೆ ಒಂದು ಅಂಕಿ ಸೇರಿದ ಮೇಲೆ ಗುಣಿಸುವ ಕ್ರಮ ಜರುಗುತ್ತದೆ, ಲೆಕ್ಕ ಹೊಸದಾಗಿ ಹಾಕಬೇಕು. ಮೇಲಿನ ಸಂಖ್ಯೆಗೆ ಪೆಟ್ಟಿಗೆಯ ಕೋಡ್ 18901234567897 ಆಗುತ್ತದೆ, ಕೊನೆಯಲ್ಲಿ 7.

ಈಗ ಬಣ್ಣ. ಗರ್ಕಿನ್ ಲೇಬಲ್ ಎಂದರೆ ಹಸಿರು, ಎಲ್ಲ ವಿನ್ಯಾಸಕಾರರಿಗೂ ಅದೇ ಇಷ್ಟ. ಅಂಗಡಿಯ ಲೇಸರ್ ಸ್ಕ್ಯಾನರ್ ಕೆಂಪು ಬೆಳಕಿನಲ್ಲಿ ಓದುತ್ತದೆ. ಕೆಂಪು ಬೆಳಕಿಗೆ ಹಸಿರು ಹಿನ್ನೆಲೆ ಕಪ್ಪಾಗಿ ಕಾಣುವುದರಿಂದ ಹಸಿರಿನ ಮೇಲೆ ಕಪ್ಪು ಗೆರೆ ಹಾಕಿದರೆ ಅದಕ್ಕೆ ಏನೂ ಕಾಣದು. ನಮ್ಮ ಕಣ್ಣಿಗೆ, ಫೋನಿನ ಕ್ಯಾಮೆರಾಕ್ಕೆ ಚೆನ್ನಾಗಿಯೇ ಕಾಣುತ್ತಿರುತ್ತದೆ. ಮೋಸ ಹೋಗುವುದು ಅಲ್ಲೇ. ಬಿಳಿ ಚೌಕದ ಮೇಲೆ ಕಪ್ಪು ಗೆರೆ ಹಾಕಿಸಿ. ಬಿಳಿಯ ಮೇಲೆ ಕಡು ಹಸಿರು ಗೆರೆ ಕೂಡ ನಡೆಯುತ್ತದೆ, ಕೆಂಪು ಗೆರೆ ಮಾತ್ರ ಯಾವತ್ತೂ ನಡೆಯದು.

ಪೂರ್ಣ ಗಾತ್ರದ ಕೋಡ್ ಅಕ್ಕಪಕ್ಕದ ಖಾಲಿ ಜಾಗ ಸೇರಿ 37.29 ಮಿ.ಮೀ. ಅಗಲ, 25.93 ಮಿ.ಮೀ. ಎತ್ತರ. ಶೇ. 80ಕ್ಕಿಂತ ಕುಗ್ಗಿಸಬಾರದು. ಎಡಕ್ಕೆ ಅತಿ ಸಣ್ಣ ಗೆರೆಯ ಅಗಲದ 11 ಪಟ್ಟು, ಬಲಕ್ಕೆ 7 ಪಟ್ಟು ಖಾಲಿ ಜಾಗ ಬೇಕು. ಪೂರ್ಣ ಗಾತ್ರದಲ್ಲಿ ಎಡಗಡೆಗೆ 3.6 ಮಿ.ಮೀ.ಗೂ ಸ್ವಲ್ಪ ಹೆಚ್ಚು. ಆ ಜಾಗಕ್ಕೆ ಲೇಬಲ್‌ನ ಅಂಚು ಅಥವಾ ಬಳ್ಳಿಯ ಚಿತ್ರ ನುಗ್ಗಿದ್ದರೆ ಓದುವುದಿಲ್ಲ. ಸಣ್ಣ ಜಾಡಿಗಳಲ್ಲಿ ಬಾಗು ಹೆಚ್ಚಿರುವುದರಿಂದ ಗೆರೆಗಳು ಏಣಿಯ ಮೆಟ್ಟಿಲಿನಂತೆ ಅಡ್ಡಲಾಗಿ ಬರುವಂತೆ ಕೋಡನ್ನು ತಿರುಗಿಸಿ. ಮುದ್ರಣದ ಗುಣಮಟ್ಟಕ್ಕೆ ಐಎಸ್ಒ 15416 ಪ್ರಕಾರ ಕನಿಷ್ಠ 1.5, ಅಂದರೆ 'ಸಿ' ದರ್ಜೆ ಬೇಕು. ಬಯರ್ 'ಬಿ' ಕೇಳಿದ್ದರೆ ಅದನ್ನೇ ಹಿಡಿಯಿರಿ.

ಹಂತ 3: ಲೇಬಲ್ ರೋಲ್, ಮುಚ್ಚಳ, ಖಾಲಿ ಜಾಡಿ ಬಂದಾಗ

ರೋಲ್‌ನ ಹೊರಗಿನ ಒಂದು ಲೇಬಲ್ ನೋಡಿ ಸಹಿ ಹಾಕಬೇಡಿ. ಪ್ರತಿ ರೋಲ್‌ನ ಶುರು, ಕೊನೆ, ಮತ್ತು ಮಧ್ಯದಲ್ಲಿ ಜೋಡಿಸಿದ ಜಾಗ ಇದ್ದರೆ ಅದರ ಎರಡೂ ಬದಿ ನೋಡಿ. ಹಳೆಯ ಆವೃತ್ತಿಯ ತುಂಡು ಹೊಸ ರೋಲ್‌ಗೆ ಸೇರಿಕೊಳ್ಳುವುದು ಈ ಜೋಡಣೆಯಲ್ಲೇ. ಬಣ್ಣವನ್ನು ಒಪ್ಪಿತ ಮಾದರಿಯ ಪಕ್ಕದಲ್ಲಿಟ್ಟು, ಹಗಲಿನ ಬೆಳಕಿಗೆ ಸಮನಾದ 6500 ಕೆಲ್ವಿನ್ ದೀಪದಡಿ ಹೋಲಿಸಿ. ಗೋದಾಮಿನ ಹಳದಿ ದೀಪದಲ್ಲಿ ಎಲ್ಲ ಹಸಿರೂ ಒಂದೇ.

ಮುಚ್ಚಳದ ಒಳಗಿನ ಲೇಪ ಮತ್ತು ರಬ್ಬರ್‌ನಂಥ ಸೀಲ್ ಆಮ್ಲ ತಡೆಯುವಂಥದ್ದು ಎಂಬ ಘೋಷಣೆಪತ್ರ ತಯಾರಕರಿಂದ ಬರಬೇಕು. ಯುರೋಪಿನ 2024/3190 ನಿಯಮ ಆಹಾರಕ್ಕೆ ತಾಗುವ ವಸ್ತುಗಳಲ್ಲಿ ಬಿಪಿಎ (ಬಿಸ್ಫೆನಾಲ್ ಎ ಎಂಬ ರಾಸಾಯನಿಕ) ನಿಷೇಧಿಸಿದೆ, ಗಡುವುಗಳು ಹಂತ ಹಂತವಾಗಿವೆ. ನಿಮ್ಮ ಮುಚ್ಚಳ ಬಿಪಿಎ ಬಳಸದ ಬಗೆಯದೇ ಎಂಬುದನ್ನು ಅದೇ ಪತ್ರದಲ್ಲಿ ಬರೆಸಿಕೊಳ್ಳಿ. ಖಾಲಿ ಜಾಡಿಯ ಬಾಯಂಚಿನ ಮೇಲೆ ಬೆರಳು ಆಡಿಸಬೇಡಿ, ಬೆಳಕಿಗೆ ಹಿಡಿದು ನೋಡಿ. ಅಂಚಿನಲ್ಲಿ ಚಕ್ಕೆ ಎದ್ದಿದ್ದರೆ ಬೆಳಕು ಅಲ್ಲಿ ಮುರಿಯುತ್ತದೆ.

ಹಂತ 4: ಲೈನ್ ಓಡುವ ದಿನ

ಮೊದಲ ಕೆಲಸ ಲೈನ್ ಖಾಲಿ ಮಾಡಿಸುವುದು. ಹಿಂದಿನ ಬಯರ್‌ನ ಲೇಬಲ್, ಮುಚ್ಚಳ, ಪೆಟ್ಟಿಗೆ, ಅರ್ಧ ಉಳಿದ ರೋಲ್ ಯಾವುದೂ ಆ ಜಾಗದಲ್ಲಿ ಉಳಿಯಬಾರದು. ಯಂತ್ರದಡಿ ಬಗ್ಗಿ ನೋಡಿ. ಸಾಸಿವೆ ಇರುವ ಪಾಕಕ್ಕೆ ಸಾಸಿವೆ ಇಲ್ಲದ ಲೇಬಲ್ ಬೀಳುವುದು ಇಂಥ ಅರೆಬರೆ ಖಾಲಿಯಿಂದಲೇ. ಒಂದೇ ಬಯರ್‌ಗೆ ಎರಡು ಪಾಕ ಓಡುತ್ತಿದ್ದರೆ ಲೇಬಲ್‌ನ ಅಂಚಿಗೆ ಬೇರೆ ಬೇರೆ ಬಣ್ಣದ ಪಟ್ಟಿ ಹಾಕಿಸಿ, ದೂರದಿಂದಲೂ ಗೊತ್ತಾಗುತ್ತದೆ.

ಮುಚ್ಚಳದ ತಪಾಸಣೆಗೆ ಸಮಯ ಕೊಡಿ, ಏಕೆಂದರೆ ಇಡೀ ಜಾಡಿಯ ಆಯಸ್ಸು ಅದರ ಮೇಲಿದೆ. ಕಣ್ಣಿಗೆ ಕಾಣುವವು: ಓರೆಯಾಗಿ ಕೂತದ್ದು, ಹಲ್ಲು ಜಜ್ಜಿಹೋದದ್ದು, ನಡುವಿನ ಗುಂಡಿ ಒಳಗೆ ಇಳಿಯದೆ ಉಬ್ಬಿ ನಿಂತದ್ದು. ಕಾಣದಿರುವುದು ಬಿಗಿ. ಅದಕ್ಕೆ ಹೀಗೆ ಮಾಡಿ: ತಣ್ಣಗಾದ ಜಾಡಿಯ ಮುಚ್ಚಳದಿಂದ ಗಾಜಿನವರೆಗೆ ಮಾರ್ಕರ್‌ನಲ್ಲಿ ಒಂದು ನೇರ ಗೆರೆ ಎಳೆಯಿರಿ. ಮುಚ್ಚಳ ತಿರುಗಿಸಿ ವ್ಯಾಕ್ಯೂಮ್ ಬಿಡಿಸಿ. ಮತ್ತೆ ಕೈಯಲ್ಲಿ ಮೆಲ್ಲಗೆ ತಿರುಗಿಸುತ್ತಾ ಬನ್ನಿ, ಸೀಲ್ ಗಾಜಿಗೆ ತಾಗಿದಂತಾದ ಕೂಡಲೇ ನಿಲ್ಲಿಸಿ. ಮುಚ್ಚಳದ ಮೇಲಿನ ಗೆರೆ ಗಾಜಿನ ಗೆರೆಯನ್ನು ಮುಟ್ಟುವ ಮೊದಲೇ ನಿಂತಿದ್ದರೆ ಮುಚ್ಚಳ ಬಿಗಿಯಾಗಿತ್ತು ಎಂದರ್ಥ. ನಡುವಿನ ಅಂತರ ಅಳೆದು ಮುಚ್ಚಳ ತಯಾರಕರ ಹಾಳೆಯಲ್ಲಿರುವ ಅಂಕಿಗೆ ಹೋಲಿಸಿ. ಗೆರೆ ದಾಟಿ ಮುಂದೆ ಹೋದರೆ ಅದು ಮೊದಲಿನಿಂದಲೂ ಸಡಿಲ. ಹಡಗಿನ ಅಲುಗಾಟಕ್ಕೆ ಅಂಥದ್ದು ನಿಲ್ಲುವುದಿಲ್ಲ. ಮುಚ್ಚುವ ಯಂತ್ರದ ಪ್ರತಿ ತಲೆಯಿಂದ ಒಂದೊಂದು ಜಾಡಿ ತೆಗೆಯಿರಿ, ಒಂದೇ ತಲೆ ಕೆಟ್ಟಿದ್ದರೆ ಸರಾಸರಿಯಲ್ಲಿ ಅದು ಅಡಗಿಹೋಗುತ್ತದೆ.

ಮುಚ್ಚಳ ಹಾಕುವಾಗ ಉಕ್ಕಿದ ಉಪ್ಪು-ವಿನೆಗರ್ ನೀರು ಮುಚ್ಚಳದ ಅಂಚಿನ ಒಳಗೆ ಸೇರಿಕೊಂಡು ಒಣಗುತ್ತದೆ. ಅದನ್ನು ತೊಳೆಯದೆ ಬಿಟ್ಟರೆ ತಿಂಗಳ ಸಮುದ್ರಯಾನದಲ್ಲಿ ಕಂದು ತುಕ್ಕಿನ ಉಂಗುರ ಮೂಡುತ್ತದೆ. ಹೊರಡುವಾಗ ಇಲ್ಲದ್ದು ಅಲ್ಲಿ ಇಳಿಸುವಾಗ ಇರುತ್ತದೆ. ಪಾಶ್ಚರೀಕರಣದ ನಂತರ ಒಳ್ಳೆಯ ನೀರಿನಲ್ಲಿ ತೊಳೆದು, ಗಾಳಿ ಊದಿ ಒಣಗಿಸಬೇಕು. ಪರೀಕ್ಷೆಗೆ ಒಂದು ಬಿಳಿ ಟಿಶ್ಯೂ ತುಂಡನ್ನು ಮುಚ್ಚಳದಂಚಿನಡಿ ಸುತ್ತಲೂ ಒರೆಸಿ; ಒದ್ದೆ ಅಥವಾ ಉಪ್ಪಿನ ಪುಡಿ ಬಂದರೆ ಒಣಗಿಸುವುದು ಸಾಲದು.

ಒದ್ದೆ ಗಾಜಿನಿಂದ ಇನ್ನೆರಡು ತೊಂದರೆ. ಲೇಬಲ್‌ನ ಅಂಟು ಹಿಡಿಯದೆ ಎರಡು ದಿನಕ್ಕೆ ತುದಿ ಬಾಯಿ ಬಿಡುತ್ತದೆ, ಮತ್ತು ದಿನಾಂಕದ ಶಾಯಿ ಕೈಗೆ ಬರುತ್ತದೆ. ಅಂಟಿಸಿ 24 ಗಂಟೆ ಕಳೆದ ಜಾಡಿಯ ಲೇಬಲ್ ತುದಿಯನ್ನು ಉಗುರಿನಿಂದ ಎತ್ತಿ ನೋಡಿ: ಕಾಗದ ಹರಿದರೆ ಅಂಟು ಗಟ್ಟಿ, ಸಲೀಸಾಗಿ ಸುಲಿದು ಬಂದರೆ ಕೆಟ್ಟದ್ದು. ದಿನಾಂಕದ ಮೇಲೆ ಪಾರದರ್ಶಕ ಟೇಪ್ ಒತ್ತಿ ಒಮ್ಮೆಲೆ ಕೀಳಿರಿ, ಆಮೇಲೆ ಒದ್ದೆ ಬಟ್ಟೆಯಿಂದ ಹತ್ತು ಸಲ ಉಜ್ಜಿ. ಎರಡರ ನಂತರವೂ ಓದಲು ಬರಬೇಕು.

ದಿನಾಂಕದ ಬಗೆಯನ್ನು ಬಯರ್‌ನಿಂದ ಬರಹದಲ್ಲೇ ಪಡೆಯಿರಿ. 05/06/2027 ಎಂಬುದು ಯುರೋಪಿಗೆ ಜೂನ್ 5, ಅಮೆರಿಕಕ್ಕೆ ಮೇ 6. ಯುರೋಪಿನಲ್ಲಿ ಲಾಟ್ ಸಂಖ್ಯೆ ಬೇರೆ ಅಂಕಿಗಳ ಜೊತೆ ಬೆರೆತು ಗೊಂದಲವಾಗುವಂತಿದ್ದರೆ ಅದರ ಮುಂದೆ 'ಎಲ್' ಅಕ್ಷರ ಬೇಕು. ಅಮೆರಿಕದಲ್ಲಿ ಗರ್ಕಿನ್ ಆಮ್ಲೀಕೃತ ಆಹಾರದ ನಿಯಮದಡಿ ಬರುವುದರಿಂದ ಜಾಡಿಯ ಮೇಲಿನ ಸಂಕೇತದಲ್ಲಿ ಕಾರ್ಖಾನೆ, ಉತ್ಪನ್ನ, ವರ್ಷ, ದಿನ ಮತ್ತು ಆ ದಿನದ ಯಾವ ಪಾಳಿ ಎಂಬುದೂ ಇರಬೇಕು. 'ಇಂಥ ದಿನದೊಳಗೆ ಬಳಸಿ' ಎಂಬ ದಿನಾಂಕವನ್ನು ಅಲ್ಲಿನ ಕೇಂದ್ರ ಕಾನೂನು ಇಂಥ ಉತ್ಪನ್ನಕ್ಕೆ ಕೇಳುವುದಿಲ್ಲ, ಬಯರ್ ಕೇಳುತ್ತಾರೆ. ಪಾಳಿ ಬದಲಾದಾಗ, ಮಧ್ಯರಾತ್ರಿ ದಾಟಿದಾಗ, ಕರೆಂಟ್ ಹೋಗಿ ಬಂದಾಗ ಪ್ರಿಂಟರ್‌ನ ಮೊದಲ ಜಾಡಿಯನ್ನು ತೆಗೆದು ಓದುವ ಜವಾಬ್ದಾರಿ ಒಬ್ಬರಿಗೆ ಹೆಸರಿಟ್ಟು ವಹಿಸಿ.

ಹಂತ 5: ತೂಕ

ಜಾಡಿ ತುಂಬಿದ ದಿನ ಬಸಿದ ತೂಕ ನೋಡಿ ನಿರ್ಧರಿಸಬೇಡಿ. ಕಾಯಿ ಮತ್ತು ದ್ರವದ ನಡುವೆ ಉಪ್ಪು, ನೀರು ಹೊಂದಿಕೊಳ್ಳಲು ಎರಡು ವಾರವಾದರೂ ಬೇಕು, ಅಲ್ಲಿಯವರೆಗೆ ಅಂಕಿ ಬದಲಾಗುತ್ತಲೇ ಇರುತ್ತದೆ. ಪರೀಕ್ಷೆ ಹೀಗೆ: ಜರಡಿಯನ್ನು ಮೊದಲು ಖಾಲಿಯಾಗಿ ತೂಗಿ, ಜಾಡಿಯಲ್ಲಿರುವುದನ್ನೆಲ್ಲ ಅದರ ಮೇಲೆ ಹರಡಿ, 17ರಿಂದ 20 ಡಿಗ್ರಿ ಓರೆ ಮಾಡಿ ಸರಿಯಾಗಿ ಎರಡು ನಿಮಿಷ ಬಿಡಿ, ಮತ್ತೆ ತೂಗಿ. ಅಲ್ಲಾಡಿಸಬಾರದು, ಒತ್ತಬಾರದು.

ನಿವ್ವಳ ತೂಕಕ್ಕೆ ಯುರೋಪಿನ ಲೆಕ್ಕ: 500ರಿಂದ 1000 ಗ್ರಾಂ ಪ್ಯಾಕ್‌ಗೆ ಒಪ್ಪುವ ಕೊರತೆ 15 ಗ್ರಾಂ. ಲಾಟ್‌ನ ಸರಾಸರಿ 670ಕ್ಕಿಂತ ಕಡಿಮೆ ಇರಬಾರದು. 655ಕ್ಕಿಂತ ಕಡಿಮೆ ಇರುವ ಜಾಡಿ ಸುಮಾರು ಶೇ. 2.5ನ್ನು ಮೀರಬಾರದು, 640ಕ್ಕಿಂತ ಕೆಳಗೆ ಒಂದೂ ಇರಬಾರದು. ಖಾಲಿ ಜಾಡಿಗಳ ತೂಕ ಒಂದಕ್ಕೊಂದು ವ್ಯತ್ಯಾಸವಾಗುತ್ತದೆ. ಆದ್ದರಿಂದ ಒಟ್ಟು ತೂಕದಿಂದ ಅಂದಾಜಿನ ಗಾಜಿನ ತೂಕ ಕಳೆಯದೆ, ತೆರೆದ ಜಾಡಿಯನ್ನು ತೊಳೆದು ಒಣಗಿಸಿ ಅದರದೇ ತೂಕ ಕಳೆಯಿರಿ.

ಹಂತ 6: ಪೆಟ್ಟಿಗೆ

ರಟ್ಟಿನ ಪೆಟ್ಟಿಗೆಯ ಒಳಗಿನ ತಡೆಗೋಡೆ ಜಾಡಿಯ ಭುಜದವರೆಗಾದರೂ ಬರಬೇಕು. ಗಿಡ್ಡವಾದರೆ ಗಾಜಿಗೆ ಗಾಜು ಉಜ್ಜಿ ಲೇಬಲ್‌ನ ಬಣ್ಣ ಒಂದೇ ಎತ್ತರದಲ್ಲಿ ಕಿತ್ತುಹೋಗುತ್ತದೆ. ಮಳೆಗಾಲದಲ್ಲಿ ರಟ್ಟು ತೇವ ಹೀರಿ ಮೆದುವಾಗುವುದರಿಂದ ಖಾಲಿ ಪೆಟ್ಟಿಗೆಗಳನ್ನು ನೆಲದಿಂದ ಮೇಲೆ, ಗೋಡೆಯಿಂದ ದೂರ ಇಡಿ.

12 ಜಾಡಿಯ ಪೆಟ್ಟಿಗೆ ಸುಮಾರು 12 ಕಿಲೋ. 10ರಿಂದ 19 ಕಿಲೋ ಪೆಟ್ಟಿಗೆಗೆ, ಸಾಗಣೆ ಪ್ಯಾಕಿಂಗ್ ಪರೀಕ್ಷೆಯ ಐಎಸ್‌ಟಿಎ 1ಎ ಕ್ರಮದಲ್ಲಿ ಬೀಳಿಸುವ ಎತ್ತರ 61 ಸೆಂ.ಮೀ.: ಒಂದು ಮೂಲೆ, ಆ ಮೂಲೆಯಿಂದ ಹೊರಡುವ ಮೂರು ಅಂಚು, ಆರು ಮುಖ, ಒಟ್ಟು ಹತ್ತು ಸಲ. ಒಡೆದ ಜಾಡಿಗಳನ್ನಷ್ಟೇ ಎಣಿಸಿ ಮುಗಿಸಬೇಡಿ. ಒಡೆಯದೆ ಉಳಿದವನ್ನು ಮರುದಿನ ಮತ್ತೆ ನೋಡಿ, ಮುಚ್ಚಳದ ಗುಂಡಿ ಉಬ್ಬಿದ್ದರೆ ಏಟಿಗೆ ಸೀಲ್ ಜಾರಿದೆ ಎಂದರ್ಥ.

ಪೆಟ್ಟಿಗೆಯ ಮೇಲಿನ 14 ಅಂಕಿಯ ಕೋಡ್ ತಳದಿಂದ 32 ಮಿ.ಮೀ. ಎತ್ತರದಲ್ಲಿ, ಪಕ್ಕದ ಅಂಚಿನಿಂದ ಕನಿಷ್ಠ 19 ಮಿ.ಮೀ. ಒಳಗೆ ಇರಲಿ. ಕಂದು ರಟ್ಟಿನ ಮೇಲೆ ನೇರ ಮುದ್ರಣದಲ್ಲಿ ಶಾಯಿ ಹರಡುತ್ತದೆ. ಓದದಿದ್ದರೆ ಬಿಳಿ ಸ್ಟಿಕ್ಕರ್ ಅಂಟಿಸುವುದೇ ಸುಲಭ. ಪೆಟ್ಟಿಗೆಯ ಮೇಲಿನ ಲಾಟ್, ದಿನಾಂಕ ಒಳಗಿನ ಜಾಡಿಯದಕ್ಕೆ ತಾಳೆಯಾಗುತ್ತದೆಯೇ ಎಂದು ತೆರೆದೇ ನೋಡಿ.

ಹಂತ 7: ಅಂತಿಮ ತಪಾಸಣೆ

ಮಾಲು ಪೂರ್ತಿ ತಯಾರಾಗಿ, ಶೇ. 80ರಷ್ಟಾದರೂ ಪೆಟ್ಟಿಗೆಗೆ ಬಿದ್ದ ಮೇಲೆ ಮಾಡುವ ಎಣಿಕೆ ಇದು. ಮಾದರಿ ತೆಗೆಯುವ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್ಒ 2859-1ರ ಸಾಮಾನ್ಯ ತಪಾಸಣಾ ಮಟ್ಟ 2ರಲ್ಲಿ 10,001ರಿಂದ 35,000 ಜಾಡಿಯ ಲಾಟ್‌ಗೆ ಮಾದರಿ 315. ನಮ್ಮಲ್ಲಿ 18,000 ಜಾಡಿ, 1,500 ಪೆಟ್ಟಿಗೆ ಇವೆ ಎಂದಿಟ್ಟುಕೊಳ್ಳಿ. ಎಷ್ಟು ಪೆಟ್ಟಿಗೆ ತೆರೆಯಬೇಕು ಎಂಬುದಕ್ಕೆ ಪೆಟ್ಟಿಗೆಗಳ ವರ್ಗಮೂಲ ಹಿಡಿಯುವುದು ರೂಢಿ; ಅಂದರೆ 39, ಒಂದು ಸೇರಿಸಿ 40. ಪ್ರತಿಯೊಂದರಿಂದ 8 ಜಾಡಿ ತೆಗೆದರೆ ಸಾಕಷ್ಟಾಯಿತು.

ಪೆಟ್ಟಿಗೆಗಳನ್ನು ನೀವೇ ಆರಿಸಿ. ಗೋದಾಮಿನವರು ತಂದುಕೊಟ್ಟದ್ದನ್ನೇ ನೋಡಿದರೆ ಅವು ಬಾಗಿಲ ಬಳಿಯ, ಮೇಲಿನ ಸಾಲಿನ ಪೆಟ್ಟಿಗೆಗಳಾಗಿರುತ್ತವೆ. ತೊಂದರೆ ಇರುವುದು ಕೆಳಗಿನ ಸಾಲಿನಲ್ಲಿ ಮತ್ತು ಪಾಳಿಯ ಮೊದಲ, ಕೊನೆಯ ಅರ್ಧ ಗಂಟೆಯ ಮಾಲಿನಲ್ಲಿ.

ದೋಷಗಳನ್ನು ಮೂರು ಬಗೆ ಮಾಡಿ ಮೊದಲೇ ಬಯರ್ ಜೊತೆ ಒಪ್ಪಿಕೊಳ್ಳಿ. ಗಾಜಿನ ಚೂರು, ವ್ಯಾಕ್ಯೂಮ್ ಇಲ್ಲದ್ದು, ತಪ್ಪು ಲೇಬಲ್, ಅಲರ್ಜಿ ಉಲ್ಲೇಖ ಇಲ್ಲದ್ದು, ಲಾಟ್ ಸಂಖ್ಯೆ ಇಲ್ಲದ್ದು ಇವು ಅತಿ ಗಂಭೀರ. ಒಂದು ಸಿಕ್ಕರೂ ಲಾಟ್ ನಿಲ್ಲಬೇಕು. ಓದದ ಬಾರ್‌ಕೋಡ್, ಅಳಿಸಿದ ದಿನಾಂಕ, ತುದಿ ಎದ್ದ ಲೇಬಲ್, ತುಕ್ಕು ದೊಡ್ಡ ದೋಷಗಳು, ಒಪ್ಪಬಹುದಾದ ದೋಷದ ಮಟ್ಟ (ಎಕ್ಯೂಎಲ್) 2.5 ಎಂದು ಹಿಡಿದರೆ 315ಕ್ಕೆ 14ರವರೆಗೆ ಒಪ್ಪಿಗೆ, 15 ಆದರೆ ತಿರಸ್ಕಾರ. ಸಣ್ಣ ಸುಕ್ಕು, ತುಸು ವಾರೆಯಾದ ಲೇಬಲ್ ಸಣ್ಣ ದೋಷಗಳು, 4.0 ಮಟ್ಟದಲ್ಲಿ 21ರವರೆಗೆ ನಡೆಯುತ್ತದೆ. ತಿರಸ್ಕಾರವಾದರೆ ಇಡೀ ಲಾಟ್ ಆರಿಸಿ ಕೆಟ್ಟದ್ದನ್ನು ತೆಗೆದು, ಮತ್ತೆ ಹೊಸ ಮಾದರಿ ತೆಗೆಯಬೇಕು. ಮೊದಲ ಮಾದರಿಯಲ್ಲಿ 15 ಸಿಕ್ಕಿದಾಗ ಒಂದನ್ನು "ಇದು ಸಣ್ಣದು" ಎಂದು ಪಕ್ಕಕ್ಕೆ ಸರಿಸುವ ಒತ್ತಡ ಬರುತ್ತದೆ, ಅದಕ್ಕೆ ಬಗ್ಗಬೇಡಿ. ದೋಷದ ಪಟ್ಟಿ ಮೊದಲೇ ಚಿತ್ರಸಮೇತ ಗೋಡೆಯ ಮೇಲಿದ್ದರೆ ವಾದಕ್ಕೆ ಜಾಗವಿರುವುದಿಲ್ಲ.

ಹಂತ 8: ಪ್ಯಾಲೆಟ್ ಮತ್ತು ಕಂಟೇನರ್

ಮರದ ಪ್ಯಾಲೆಟ್ ಮೇಲೆ, ಮರದಲ್ಲಿ ಕೀಟ ಸಾಗದಂತೆ ತಡೆಯುವ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಪಿಎಂ 15ರ ಮುದ್ರೆ ಇರಬೇಕು: ಗೋಧಿ ತೆನೆಯ ಚಿತ್ರ, 'ಐಎನ್' ದೇಶಸಂಕೇತ, ಸಂಸ್ಕರಿಸಿದವರ ಸಂಖ್ಯೆ, ಶಾಖ ಕೊಟ್ಟದ್ದಾದರೆ 'ಎಚ್‌ಟಿ'. ಶಾಖ ಎಂದರೆ ಮರದ ತಿರುಳು 56 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ. ರಿಪೇರಿಗೆ ಹೊಸ ಹಲಗೆ ಹೊಡೆದಿದ್ದರೆ ಅದಕ್ಕೂ ಸಂಸ್ಕರಣೆ ಆಗಿರಬೇಕು. ಪೆಟ್ಟಿಗೆ ಪ್ಯಾಲೆಟ್‌ನ ಅಂಚಿನಿಂದ ಹೊರಚಾಚಬಾರದು, ಚಾಚಿದ ಬದಿ ಭಾರ ತಾಳದೆ ಕುಸಿಯುತ್ತದೆ.

ಕಂಟೇನರ್ ಖಾಲಿ ಇರುವಾಗ ಒಳಗೆ ನಿಂತು ಬಾಗಿಲು ಮುಚ್ಚಿಸಿ. ಎಲ್ಲಿಂದಾದರೂ ಬೆಳಕಿನ ಚುಕ್ಕೆ ಕಂಡರೆ ಅಲ್ಲಿಂದ ನೀರೂ ಬರುತ್ತದೆ. ನೆಲ ಒಣಗಿರಬೇಕು, ಹಿಂದಿನ ಮಾಲಿನ ವಾಸನೆ ಇರಬಾರದು. ರಾತ್ರಿಯ ತಂಪಿಗೆ ಛಾವಣಿಯಲ್ಲಿ ಹನಿಗಟ್ಟಿ ಪೆಟ್ಟಿಗೆಯ ಮೇಲೆ ಸುರಿಯದಂತೆ ತೇವ ಹೀರುವ ಚೀಲ ತೂಗುಹಾಕಿ. ಖಾಲಿ, ಅರ್ಧ, ಪೂರ್ತಿ, ಬಾಗಿಲು ಮುಚ್ಚಿದ್ದು, ಸೀಲ್ ಸಂಖ್ಯೆ ಕಾಣುವಂತೆ ಐದು ಫೋಟೋ ತೆಗೆದಿಡಿ. ಚೆನ್ನೈ ಬಂದರಿಗೆ ರಸ್ತೆಯಲ್ಲೇ ಕಳಿಸಿ ಅಥವಾ ಬೆಂಗಳೂರಿನ ವೈಟ್‌ಫೀಲ್ಡ್ ಒಳನಾಡು ಡಿಪೋದಿಂದ ರೈಲಿಗೆ ಹಾಕಿ, ಮುಂದೆ ಹಾನಿಯ ಪ್ರಶ್ನೆ ಬಂದರೆ ಆ ಫೋಟೋಗಳೇ ಆಧಾರ.

ಹಂತ 9: ಉಳಿದದ್ದು

ಪ್ರತಿ ಲಾಟ್‌ನ ಕೆಲವು ಜಾಡಿಗಳನ್ನು ಪೆಟ್ಟಿಗೆ ಸಮೇತ, ಅವುಗಳ ಅವಧಿ ಮುಗಿಯುವವರೆಗೆ ಎತ್ತಿಡಿ. ತಿಂಗಳಿಗೊಮ್ಮೆ ಮುಚ್ಚಳ, ತುಕ್ಕು, ಲೇಬಲ್ ತುದಿ ನೋಡಿ ಬರೆದಿಡಿ. ದೂರು ಬರುವ ಮೊದಲೇ ನಿಮಗೆ ತಿಳಿಯುತ್ತದೆ.

ಮಿಕ್ಕ ಲೇಬಲ್, ಮುದ್ರಿತ ಮುಚ್ಚಳಗಳನ್ನು ಎಣಿಸಿ. ಬಂದದ್ದು, ಬಳಸಿದ್ದು, ಹಾಳಾದದ್ದು, ಉಳಿದದ್ದು ತಾಳೆಯಾಗಬೇಕು; ತಾಳೆಯಾಗದ ವ್ಯತ್ಯಾಸವೆಂದರೆ ಎಲ್ಲೋ ಬೇರೆ ಜಾಡಿಗೆ ಹೋದ ಲೇಬಲ್. ಉಳಿದದ್ದನ್ನು ಬೀಗದೊಳಗೆ ಇಡಿ ಅಥವಾ ಬಯರ್‌ನ ಲಿಖಿತ ಒಪ್ಪಿಗೆಯ ಮೇಲೆ ಕತ್ತರಿಸಿ ನಾಶಮಾಡಿ ಫೋಟೋ ಕಳಿಸಿ. ತಿರಸ್ಕೃತವಾದ ಅಥವಾ ಹೆಚ್ಚಾದ ಜಾಡಿಗಳನ್ನು ಹಾಗೆಯೇ ಸ್ಥಳೀಯ ಅಂಗಡಿಗೆ ಮಾರುವಂತಿಲ್ಲ. 2011ರ ಕಾನೂನು ಮಾಪನ ಪೊಟ್ಟಣ ಸರಕು ನಿಯಮಗಳ 25ನೇ ನಿಯಮದ ಪ್ರಕಾರ ರಫ್ತಿಗೆಂದು ಮಾಡಿದ ಪ್ಯಾಕನ್ನು ಇಲ್ಲಿನ ನಿಯಮದಂತೆ ಮತ್ತೆ ಪ್ಯಾಕ್ ಮಾಡಿ ಅಥವಾ ಹೊಸ ಲೇಬಲ್ ಹಾಕಿದ ಮೇಲಷ್ಟೇ ದೇಶದೊಳಗೆ ಮಾರಬಹುದು. ಹಾಗೆ ಮಾರುವಾಗ ಬಯರ್‌ನ ಹೆಸರು ಮುಚ್ಚಳದ ಮೇಲೂ ಉಳಿಯಬಾರದು.